ಮೋದಿನಸಾಬ ಏಡನ್ನಿನಲ್ಲಿದ್ದ ಗುರುತು

ಫೋಟೋ ತೆಗೆಯುವವನು ಫೋಟೋದಲ್ಲಿ ಇರುವುದಿಲ್ಲ. ಇಷ್ಟು ಸಣ್ಣ ಮಾತು ಸಿಂದಗಿಯ ಫೋಟೋಗ್ರಾಫರ್ ಮೋದಿನಸಾಬನಿಗೆ ಇಪ್ಪತ್ತು ವರ್ಷದ ಕಸುಬಿನಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆದದ್ದು ಪರದೇಶದಿಂದ ತಿರುಗಿ ಬಂದ ಐದನೆಯ ದಿನ, ಮುಂಜಾನೆ ಒಂಬತ್ತರ ಸುಮಾರಿಗೆ. ಅಂದೇ ಸಂಜೆ ಐದಕ್ಕೆ ವಾಚನಾಲಯದಲ್ಲಿ ಅವನ ತಲೆಗೆ ರುಮಾಲು ಸುತ್ತಿ ಸತ್ಕಾರ ಮಾಡುವುದಿತ್ತು.

ಸತ್ಕಾರವೇನು ಪುಕ್ಕಟೆಯದಲ್ಲ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಮೂರು ವರ್ಷ. ದೂರದ ಊರೆಂದರೆ ನಮ್ಮವರಿಗೆ ಸೊಲ್ಲಾಪುರ, ಅದರಾಚೆ ಮುಂಬಯಿ, ಅದರಾಚೆ ಭೂಮಿ ಮುಗಿಯಿತು. ಮೋದಿನಸಾಬ ಆ ಮುಗಿದಲ್ಲಿಂದ ಹಡಗು ಹತ್ತಿ ಅರಬಸ್ತಾನದ ಏಡನ್ ಬಂದರಕ್ಕೆ ಹೋಗಿಬಂದಿದ್ದ. ಅಲ್ಲಿ ಹಡಗಿಗೆ ಸಾಮಾನು ಏರಿಸುವ ಕೆಲಸದಲ್ಲಿದ್ದ ಸೋದರಮಾವ ಕರೆಸಿಕೊಂಡಿದ್ದ. ಇಪ್ಪತ್ತೆರಡು ದಿನ ಮೋದಿನಸಾಬ ಆ ಊರನ್ನು ಕಾಲಿನಿಂದಲೇ ಅಳೆದ. ಮೋಟಾರಿನಲ್ಲಿ ಕೂತರೆ ಮೋಟಾರು ಕಾಣುತ್ತದೆ, ಊರು ಕಾಣುವುದಿಲ್ಲ ಎಂಬುದು ಅವನ ಮಾತು. ಮೂರು ಕಾಲಿನ ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು ಕರಿಕಲ್ಲಿನ ಗುಡ್ಡ ಹತ್ತಿದ. ಗುಡ್ಡದ ಸಂದಿಯಲ್ಲಿ ಹಿಂದಿನವರು ಬಂಡೆ ಕೊರೆದು, ಒಂದರ ಕೆಳಗೊಂದು ಮಾಡಿಟ್ಟ ನೀರಿನ ಹೊಂಡಗಳನ್ನು ಕಂಡ. ನೀರಿನ ಗಾಡಿ ಎಳೆಯುವ ಒಂಟೆಗಳ ಬೆನ್ನು ಹತ್ತಿ ನಡೆದು, ಉಪ್ಪಿನ ಬಯಲಿನಲ್ಲಿ ಗಾಳಿಗೆ ತಿರುಗಿ ಸಮುದ್ರದ ನೀರೆತ್ತುವ ದೊಡ್ಡ ರಾಟೆಗಳನ್ನು ಕಂಡ. ಕಂಡದ್ದನ್ನೆಲ್ಲ ತೆಗೆದ. ಒಟ್ಟು ಅರವತ್ತು ಫೋಟೋ.

ಆ ಮುಂಜಾನೆ ಅವನ್ನೆಲ್ಲ ಸ್ಟುಡಿಯೋದಲ್ಲಿ ಹಗ್ಗಕ್ಕೆ ಸಾಲಾಗಿ ತೂಗುಹಾಕಿ, ಮೀಸೆ ತೀಡುತ್ತ ನಿಂತಿದ್ದ. ಎದುರಿನ ಅರಿವೆ ಅಂಗಡಿಯ ಖಂಡೆಪ್ಪ ಬಂದ. ಊರಿನ ಯಾವ ಮದುವೆಯೂ ಯಾವ ಜಗಳವೂ ಖಂಡೆಪ್ಪನ ಮೂಗು ತಾಗದೆ ಮುಗಿದದ್ದಿಲ್ಲ. ಆತ ಅರವತ್ತನ್ನೂ ಒಂದೊಂದಾಗಿ ನೋಡಿದ.

“ಎಲ್ಲಾ ಬರೋಬರಿ ಐತಿ ಮೋದಿನಸಾಬ. ಇದರಾಗ ನೀ ಎಲ್ಲಿ ಅದೀಪಾ?”

“ನಾ ಕ್ಯಾಮೆರಾದ ಹಿಂದ ಅದೇನ್ರಿ, ಕಾಕಾ.”

“ಹಿಂದ ಯಾರರೆ ಇರಬಹುದು. ಮುಂದ ಇದ್ದವರದ ಖರೆ.”

ನಮ್ಮ ಕಡೆ ಫೋಟೋ ಅಂದರೆ ಮನುಷ್ಯ. ಗುಡ್ಡ ನೋಡಲಿಕ್ಕೆ ಗುಡ್ಡವಿದೆ. ನಾನಿದ್ದೆ ಎಂದು ತೋರಿಸಲಿಕ್ಕೆ ಫೋಟೋ ಬೇಕು. ಎರಡು ಕೈ, ಎರಡು ಪಾದ ಪೂರಾ ಕಾಣದಿದ್ದರೆ ಗಿರಾಕಿಗಳು ಫೋಟೋ ತಿರುಗಿ ಕೊಡುತ್ತಿದ್ದ ಕಾಲ ಅದು. “ಕೈ ಮೊಣಕಾಲ ಮ್ಯಾಲ ಇಡ್ರಿ, ಪಾದ ಮುಂದ ತರ್ರಿ” ಎಂದು ಊರಿಗೆಲ್ಲ ಆ ಪಾಠ ಹೇಳಿದವನೂ ಮೋದಿನಸಾಬನೇ.

ಅಷ್ಟರಲ್ಲಿ ಪಕ್ಕದ ಮನೆಯ ಹುಲಿಗೆವ್ವ ಮೊಸರಿನ ಗಡಿಗೆ ಹೊತ್ತು ಒಳಗೆ ಇಣುಕಿದಳು. ಉಪ್ಪಿನ ಗುಡ್ಡೆಗಳ ಫೋಟೋದ ಮುಂದೆ ನಿಂತಳು.

“ಇದು ಅಗರಖೇಡದ ಜ್ವಾಳದ ರಾಶಿ ಅಲ್ಲೇನೋ ಮೋದಿನ?”

“ಉಪ್ಪು, ಆಯಿ.”

“ಇಷ್ಟು ಉಪ್ಪೇನೋ! ಸುಳ್ಳು ಹೇಳಿದ್ರೂ ರುಚಿಗೆ ತಕ್ಕಷ್ಟ ಹೇಳಬೇಕಪಾ.”

ಮೊಸರು ಎಷ್ಟು ಮನೆಗೆ ಹೋಯಿತೋ ಸುದ್ದಿಯೂ ಅಷ್ಟು ಮನೆಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ದೇವರ ಹಿಪ್ಪರಗಿಯ ಬಸ್ಸಿನಿಂದ ಇಳಿದವರೂ ಕೇಳುತ್ತಿದ್ದರು: “ಮುಂಬೈದಾಗ ಫೋಟೋ ಕೊಂಡು ಏಡನ್ ಅಂತ ಹೇಳಾಕತ್ತಾನಂತಲ್ಲ, ಅವನ ಅಂಗಡಿ ಯಾವದ್ರಿ?”

ವಾಚನಾಲಯದ ಅಧ್ಯಕ್ಷ ಶ್ರೀಶೈಲಪ್ಪ ಮಾಸ್ತರರು ಭೂಗೋಳದ ಪುಸ್ತಕವನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದರು.

“ಊರು ಏಡನ್ನೇ. ಅದರಾಗ ತಕರಾರಿಲ್ಲ,” ಎಂದರು. “ನೀ ಅಲ್ಲಿದ್ದಿ ಅನ್ನೂದಕ್ಕ ಗುರುತೇನು?”

ಮೋದಿನಸಾಬ ಪಾಸ್‌ಪೋರ್ಟ್ ತಂದ. ಖಂಡೆಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿದ.

“ಇದರಾಗಿನ ಫೋಟೋ ಯಾರು ತಗದದ್ದು?”

“ನಾನಽ ತಕ್ಕೊಂಡೇನ್ರಿ.”

“ಕೇಳಿದ್ರ್ಯಾ ಮಾಸ್ತರ್ರ? ಇದೂ ಇವನ ಕೈಕಸಬು! ಇನ್ನ ಇಂಥ ಒತ್ತಿದ ಶಿಕ್ಕಾ ದನದ ಪ್ಯಾಟಿ ಪಾವತಿ ಮ್ಯಾಲೂ ಇರ್ತೈತಿ.”

ಮೋದಿನಸಾಬ ಏಡನ್ನಿನಿಂದ ತಂದ ಕಾಫಿ ಸಿಪ್ಪೆಯ ಗಂಟು ಬಿಚ್ಚಿದ. ಅಲ್ಲಿಯವರು ಬೀಜ ಮಾರಿ ಸಿಪ್ಪೆ ಕುದಿಸಿ ಕುಡಿಯುತ್ತಾರೆ ಎಂದು ಹೇಳಿ, ಶುಂಠಿ ಹಾಕಿ ಕುದಿಸಿ ಎಲ್ಲರಿಗೂ ಕೊಟ್ಟ. ಒಂದು ಗುಟುಕಿಗೆ ಖಂಡೆಪ್ಪನ ಮುಖ ಒಗೆದು ಹಿಂಡಿದ ಅರಿವೆಯಂತಾಯಿತು.

“ತೊಗರಿ ಹೊಟ್ಟಿನ ಕಷಾಯ! ನಮ್ಮ ಎತ್ತಿಗೆ ಕೊಟ್ರ ಅದೂ ಒದೀತೈತಿ!”

ಮಾಸ್ತರರು ಎದ್ದರು. “ರುಮಾಲು ತಂದಿಟ್ಟೇನಿ ಮೋದಿನಸಾಬ. ಸುತ್ತೂ ಮೊದಲ ನೀ ಅಲ್ಲಿದ್ದ ಗುರುತು ಬೇಕು. ನಾಕು ಗಂಟೆಕ್ಕ ತೋರಸು. ಇಲ್ಲಂದ್ರ ಸತ್ಕಾರ ಇಲ್ಲ.”

ಮೋದಿನಸಾಬ ಮನೆಗೆ ಬಂದು ಚಾಪೆಯ ಮೇಲೆ ಕುಸಿದ. ಸತ್ಕಾರ ಹೋದರೆ ಹೋಗಲಿ. ಸುಳ್ಳುಗಾರನೆಂಬ ಹೆಸರಿಟ್ಟುಕೊಂಡು ಯಾರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು?

ಹೆಂಡತಿ ಶಮಶಾದಬಿಗೆ ಮೈ ಉರಿಯಿತು. “ನಮ್ಮ ಮನಿಯವ್ರಿಗೆ ಸುಳ್ಳ ಅಂತಾರ?” ಎನ್ನುತ್ತ ಏಡನ್ನಿಗೆ ಹೋಗಿಬಂದ ಟ್ರಂಕನ್ನು ತಲೆಕೆಳಗು ಮಾಡಿ ಕೊಡವಿದಳು. ತಳದ ಕಾಗದದ ಕೆಳಗಿನಿಂದ ಒಂದು ಫೋಟೋ ಬಿತ್ತು. ಅರವತ್ತೊಂದನೆಯದು.

“ಅದು ಬ್ಯಾಡ!” ಎಂದು ಮೋದಿನಸಾಬ ಎದ್ದೇ ಬಿಟ್ಟ. “ಕೆಟ್ಟೈತಿ ಅದು. ನೆರಳು ಬಿದ್ದೈತಿ.”

ತೆಗೆಯುವವನ ನೆರಳು ಫೋಟೋದಲ್ಲಿ ಬೀಳುವುದೆಂದರೆ ಆ ಕಸುಬಿನಲ್ಲಿ ದೊಡ್ಡ ಅಪಮಾನ. ಅದಕ್ಕೇ ಬಚ್ಚಿಟ್ಟಿದ್ದ. ಬಂಡೆ ಕೊರೆದ ಹೊಂಡದ ಮುಂದೆ, ಇಳಿಬಿಸಿಲಿಗೆ ಉದ್ದಕ್ಕೆ ನೆರಳು ಚಾಚಿತ್ತು. ಕ್ಯಾಮೆರಾದ ಮೂರು ಕಾಲು, ಅದರ ಹಿಂದೆ ಮನುಷ್ಯನ ಎರಡು ಕಾಲು.

ಇಲ್ಲಿ ಮೋದಿನಸಾಬನ ಕಾಲಿನ ಮಾತು ಹೇಳಬೇಕು. ಅವು ಬಿಲ್ಲಿನಂತೆ ಬಾಗಿದ್ದವು. ಅವನು ಪಾದ ಜೋಡಿಸಿ ನಿಂತರೂ ನಡುವೆ ಒಂದು ಆಡಿನಮರಿ ಅಂಜದೆ ದಾಟಬಹುದಿತ್ತು.

“ಈ ಕಾಲು ನಿಮ್ಮವಽ! ಸಾವಿರ ಮಂದ್ಯಾಗ ಗುರುತು ಹಿಡಿತೇನಿ!” ಎಂದು ಶಮಶಾದಬಿ ಸೆರಗು ಬಿಗಿದು ತಾನೇ ವಾಚನಾಲಯಕ್ಕೆ ಓಡಿದಳು.

ಮಾಸ್ತರರು ಭೂತಗನ್ನಡಿ ಹಿಡಿದರು. ಖಂಡೆಪ್ಪ ಬಗ್ಗಿ ಆ ಕಾಲುಗಳನ್ನೇ ನೋಡಿದ. ತಿರುಗಿ ನೋಡಿದ. ಕಣ್ಣೊರೆಸಿಕೊಂಡ.

“ಖರೇನ ಹೋಗ್ಯಾನ್ರಿ! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಕೂ ತಾಲೂಕು ತಿರುಗಿದ್ರೂ ಇಂಥ ಕಾಲು ಒಂದ ಜೋಡಿ!”

ಐದಕ್ಕೆ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೂರದ ಮಸೂತಿ ಹಳ್ಳಿಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಮಾಸ್ತರರು ತಮ್ಮ ಕೈಯಿಂದಲೇ ರುಮಾಲು ಸುತ್ತಿದರು. “ನಮ್ಮ ಸಿಂದಗಿಯ ನೆರಳು ಇಂದು ಸಮುದ್ರದಾಚೆ ಬಿದ್ದೈತಿ!” ಎಂದಾಗ ಜನ ತಟ್ಟಿದ ಚಪ್ಪಾಳೆಗೆ ಸೂರಿನ ಪಾರಿವಾಳಗಳೆಲ್ಲ ಹಾರಿದವು. ಹೆಣ್ಣುಮಕ್ಕಳ ಸಾಲಿನಲ್ಲಿ ಶಮಶಾದಬಿಯ ಮುಖ ಹುಣ್ಣಿಮೆ. ಮೋದಿನಸಾಬನ ಎದೆಯೂ ಅವನ ಕಾಲಿನಂತೆಯೇ ಬಿಲ್ಲಾಯಿತು, ಮುಂದಕ್ಕೆ.

ಫೋಟೋ ಕೈಯಿಂದ ಕೈಗೆ ಹೋಗಿ ಹುಲಿಗೆವ್ವನ ಕೈಗೆ ಬಂತು. ಅವಳಿಗೆ ಓದು ಬರದಿದ್ದರೂ ಕಣ್ಣು ಚುರುಕು.

“ಅಲ್ಲೋ ಮೋದಿನ, ನಿನ್ನ ಬಾಜೂಕ ಇನ್ನೊಂದು ನೆರಳು ಐತೆಲ್ಲ. ಹಿಮ್ಮಡಿ ಮುಟ್ಟೂ ಹಂಗ ಉಟ್ಟೈತಿ, ತಲಿ ಮ್ಯಾಲ ಸೆರಗು. ನಿನ್ನ ಹೆಗಲ ಮ್ಯಾಲ ಕೈ ಇಟ್ಟೈತಿ. ಯಾರಪಾ ಆಕಿ?”

ಸಭೆಯ ಕತ್ತುಗಳೆಲ್ಲ ಫೋಟೋದ ಕಡೆ ಚಾಚಿದವು.

“ಆಕಿ ಅಲ್ಲ ಆಯಿ, ಅವ! ನೀರಿನ ಗಾಡಿ ಮುದುಕ. ಅಲ್ಲಿ ಗಂಡಸರೂ ಉದ್ದನ್ನ ಅಂಗಿ ತೊಡ್ತಾರ. ನಾ ಎಡವಬಾರದಂತ ಹಿಡಕೊಂಡಿದ್ದ!”

“ಮುದುಕಗ ಗಡ್ಡ ಎಲ್ಲೈತಿ?” ಎಂದ ಖಂಡೆಪ್ಪ, ಭೂತಗನ್ನಡಿ ಕಸಿದುಕೊಂಡು.

ನೆರಳಿನಲ್ಲಿ ಗಡ್ಡ ಇರಲಿಲ್ಲ. ಜನಕ್ಕೇನೂ ಬೇಸರವಾಗಲಿಲ್ಲ. “ಹುಲಿ ಅದಾನಲೇ ನಮ್ಮ ಮೋದಿನಸಾಬ!” ಎಂದು ಹಿಂದಿನಿಂದ ಯಾರೋ ಸೀಟಿ ಹೊಡೆದರು. ಶಮಶಾದಬಿ ಮಾತ್ರ ಸದ್ದಿಲ್ಲದೆ ಎದ್ದಳು.

“ಕಾಲಿನ ಗುರುತು ಹಿಡಿದಾಕಿ ನಾನಽ,” ಎಂದಳು. “ಮುದುಕನ ಸೊಂಟ ಹೆಂಗಿರ್ತೈತಿ ಅಂತ ನನಗ ತಿಳಿಯೂದಿಲ್ಲೇನ್ರಿ?” ಸೆರಗು ಹೊದ್ದು ಹೊರಟೇಹೋದಳು.

ಮೋದಿನಸಾಬ ತಲೆಯ ರುಮಾಲು ತೆಗೆದು ಮೇಜಿನ ಮೇಲಿಟ್ಟ. ಎರಡೂ ಕೈ ಮುಗಿದ.

“ನಾ ಏಡನ್ನಿಗೆ ಹೋಗಿಲ್ರಿ! ಅಲ್ಲಾನ ಆಣಿ ಒಂದು ಬಿಟ್ಟು ಯಾರ ಆಣಿ ಬೇಕಾದ್ರೂ ಮಾಡ್ತೇನಿ. ಎಲ್ಲಾ ಫೋಟೋ ಮುಂಬೈದಾಗ ಕೊಂಡು ತಂದೇನಿ. ಹೋಗಿ ಆಕಿಗೆ ಯಾರರೆ ಹೇಳ್ರಿ!”

ಸಭೆ ನಕ್ಕು ನಕ್ಕು ಬೆಂಚಿನ ಮೇಲೆ ಹೊರಳಿತು.

“ದೊಡ್ಡವರ ಲಕ್ಷಣ ಅಂದ್ರ ಇದು ನೋಡ್ರಿ!” ಎಂದು ಖಂಡೆಪ್ಪ ರುಮಾಲನ್ನು ಮತ್ತೆ ಅವನ ತಲೆಗೆ ಒತ್ತಿದ. “ಅಷ್ಟು ದೂರ ಹೋಗಿ ಬಂದ್ರೂ ಹೋಗೇ ಇಲ್ಲ ಅಂತಾನ. ಎಂಥಾ ಸಂಭಾವಿತ!”

ಹೆಗಲ ಮೇಲೆ ಹೊತ್ತು, ಹಲಗೆ ಬಡಿಸುತ್ತ ಅವನನ್ನು ಮನೆಯ ಮುಂದೆ ಇಳಿಸಿ ಹೋದರು. ದೀಪ ಹಚ್ಚುವ ಹೊತ್ತು. ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಮೋದಿನಸಾಬ ಮೆಲ್ಲಗೆ ತಟ್ಟಿದ.

“ಯಾರ್ರಿ?” ಒಳಗಿನಿಂದ ಶಮಶಾದಬಿಯ ದನಿ.

“ನಾನು.”

“ಯಜಮಾನ್ರು ಮನ್ಯಾಗಿಲ್ರಿ,” ಎಂದಿತು ದನಿ. “ಪರದೇಶಕ್ಕ ಹೋಗ್ಯಾರ. ಇನ್ನೂ ಬಂದಿಲ್ಲ.”