ಬಿಳಿ ಎಲೆಗೊಂದು ಕಿಟಕಿ

ನಲವತ್ತು ದಾಟಿದ ಮೇಲೆ ಮನುಷ್ಯರಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ನನ್ನ ತಮ್ಮನಿಗೆ ಬೆಳಗಿನ ಓಟ ಹಿಡಿಯಿತು, ನನಗೆ ಮಚ್ಚೆ ಎಲೆಯ ಗಿಡ. ಹಾಲು ಚೆಲ್ಲಿದಂತೆ ಎಲೆಯ ಮೇಲೆಲ್ಲ ಬಿಳಿ ಇರುವ ಮನಿಪ್ಲಾಂಟೊಂದನ್ನು ತುಮಕೂರಿನ ನರ್ಸರಿಯಲ್ಲಿ ಕೊಂಡು, ತೊಡೆಯ ಮೇಲಿಟ್ಟುಕೊಂಡು ಮಧುಗಿರಿ ಬಸ್ಸು ಹತ್ತಿದ ದಿನ ನನಗೆ ಕೊರಟಗೆರೆ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಅಷ್ಟು ಖುಷಿ. "ಬೆಳಕು ಚೆನ್ನಾಗಿರ್ಲಿ ಮೇಡಂ, ಬಿಸಿಲು ಬೀಳಬಾರದು. ಕತ್ತಲೇಲಿಟ್ರೆ ಬಿಳಿ ಹೋಗಿ ಬರೀ ಹಸಿರಾಗುತ್ತೆ" ಎಂದಿದ್ದ ನರ್ಸರಿಯವನು. ಬೆಳಕು ಬೇಕು, ಬಿಸಿಲು ಬೇಡ! ಮಧುಗಿರಿಯಲ್ಲಿ ಇವೆರಡನ್ನು ಬೇರ್ಪಡಿಸಿದವರು ಇನ್ನೂ ಹುಟ್ಟಿಲ್ಲ. ಮಧ್ಯಾಹ್ನವಾದರೆ ಬೆಟ್ಟದ ಬಂಡೆಯೇ ಕಾದು ಊರಿಗೆಲ್ಲ ಶಾಖ ಹಂಚುತ್ತದೆ. ಕುಂಡ ಹಿಡಿದು ಮನೆಯೆಲ್ಲ ಸುತ್ತಿ, ಕೊನೆಗೆ ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿಟ್ಟು ಪಾಠ ಮಾಡಲು ಶಾಲೆಗೆ ಹೋದೆ.

ನಮ್ಮತ್ತೆ ಬಡವನಹಳ್ಳಿಯ ಕಡೆ ಜೀವಮಾನವೆಲ್ಲ ಕಡಲೆಕಾಯಿ ಬೆಳೆದವರು. ಅವರ ಲೆಕ್ಕದಲ್ಲಿ ಎಲೆ ಬಿಳಿಚಿಕೊಂಡರೆ ರೋಗ. "ಯಾರೋ ನಿಂಗೆ ಸೀಕು ಗಿಡ ತಲೆಗೆ ಕಟ್ಟವ್ರೆ ಕಣಮ್ಮ" ಎಂದರು. ನಾನು ನಕ್ಕು ಕುಂಡಕ್ಕೆ ನೀರು ಹಾಕಿದೆ. ತಿಂಗಳು ಕಳೆಯುವಷ್ಟರಲ್ಲಿ ಬಂದ ಹೊಸ ಎಲೆಗಳೆಲ್ಲ ಹಚ್ಚ ಹಸಿರು. ಒಂದು ದಿನ ಶಾಲೆ ಬೇಗ ಬಿಟ್ಟು ಮನೆಗೆ ಬಂದರೆ ಕಿಟಕಿ ಖಾಲಿ. ಕುಂಡ ಉಗ್ರಾಣದ ಕತ್ತಲಲ್ಲಿ ರಾಗಿ ಮೂಟೆಗೆ ಒರಗಿ ಕೂತಿದೆ. ದಿನವೂ ನಾನು ಹೊರಟ ಮೇಲೆ ಅತ್ತೆ ಅದನ್ನು ಅಲ್ಲಿಟ್ಟು, ನಾನು ಬರುವ ಹೊತ್ತಿಗೆ ಮತ್ತೆ ಕಿಟಕಿಗೆ ತರುತ್ತಿದ್ದರಂತೆ.

"ತಂಪಿಗೆ ಮಡಗ್ದೆ. ಹೆಂಗೆ ವಾಸಿ ಆಗೈತೆ ನೋಡು" ಎಂದರು, ಮುಖದ ತುಂಬ ಹೆಮ್ಮೆ.

"ಅಯ್ಯೋ ಅತ್ತೆ, ಎಲೇಲಿ ಅಡುಗೆ ಮಾಡೋದು ಹಸಿರು, ಬಿಳಿಗೆ ಬರಲ್ಲ. ಬೆಳಕಿಲ್ದೆ ಹೊಟ್ಟೆಗೆ ಸಾಲದೆ ಪಾಪ ಪೂರ್ತಿ ಹಸಿರಾಗಿದೆ."

ಅವರ ಮುಖ ಸಪ್ಪಗಾಯಿತು. "ಅಂಗಾರೆ ಉಪಾಸ ಕೆಡವ್ಬುಟ್ನಾ?" ಎಂದರು. ಮರುದಿನವೇ ತಮ್ಮದೊಂದು ತೆಳು ವಾಯಿಲ್ ಸೀರೆ ಹರಿದು ಕಿಟಕಿಗೆ ಪರದೆ ಕಟ್ಟಿದರು. ಬೆಳಕು ಒಳಗೆ ಬಂತು, ಬಿಸಿಲು ಹೊರಗೇ ನಿಂತಿತು. ಹಸಿರು ಕುಡಿಯನ್ನು ನಾನು ಕತ್ತರಿಸಿ, ಮತ್ತೆ ಬಿಳಿ ಎಲೆ ಚಿಗುರಲೆಂದು ಕಾದೆ.

ಮೊನ್ನೆ ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಸುರುಳಿ ಬಿಚ್ಚಿದ ಹೊಸ ಎಲೆ ಅರ್ಧಕ್ಕರ್ಧ ಬಿಳಿ. "ಅತ್ತೆ, ಬಿಳಿ ಬಂತು, ಬಿಳಿ ಬಂತು" ಎಂದು ಕುಣಿದೇಬಿಟ್ಟೆ.

ಅತ್ತೆ ಓಡಿ ಬಂದು ಎಲೆ ನೋಡಿದರು. ಆಮೇಲೆ ಅರ್ಧ ಕಪ್ಪಾಗಿದ್ದ ನನ್ನ ತಲೆ ನೋಡಿದರು, ನನ್ನ ಕೈಯಲ್ಲಿದ್ದ ಡೈ ಬಟ್ಟಲು ನೋಡಿದರು.

"ಗಿಡಕ್ಕೆ ಬಿಳಿ ಬಂದ್ರೆ ಕುಣೀತೀಯ. ತಲೆಗೆ ಬಂದ್ರೆ ಮಾತ್ರ ಕಪ್ಪು ಬಳ್ಕಂತೀಯಲ್ಲ ತಾಯಿ" ಎಂದರು.

ಉಳಿದರ್ಧ ತಲೆಗೆ ಡೈ ಹಚ್ಚಿಕೊಳ್ಳಲು ಬಟ್ಟಲು ಹಿಡಿದು ಉಗ್ರಾಣದ ಕತ್ತಲೆಗೆ ಹೋದೆ.