ಮಾವನವರ ದನಿ ಮತ್ತು ಕೆಂಪು-ಬಿಳಿ ವಾಯರು

ನಮ್ಮ ಮನೆಗೆ ಹೊಸ ಯಂತ್ರ ಬಂದಾಗಲೆಲ್ಲ ಏನಾದರೊಂದು ಆಗುತ್ತದೆ. ಮಿಕ್ಸರ್ ಬಂದ ದಿನ ಕೆಂಪು ಚಟ್ನಿ ಗೋಡೆಗೆ ಹತ್ತಿತು. ಇನ್ವರ್ಟರ್ ಬಂದ ದಿನ ನಾನು ಅಂಗಳದಲ್ಲಿ ಮಲಗಿದೆ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಬ್ರೇಕ್ ಹಿಡಿಯದ ಬಸ್ಸನ್ನು ಜೋಳದ ಹೊಲಕ್ಕಿಳಿಸಿ ನಿಲ್ಲಿಸಿದ್ದೇನೆ. ಆಗ ಹೆದರಲಿಲ್ಲ. ವಾಯರ್ ಕಂಡರೆ ಹೆದರುತ್ತೇನೆ.

ಈಚೆಗೆ ಗಂಗಾವತಿಯ ಮಗಳು ಯುಎಸ್‌ಬಿ ಟರ್ನ್‌ಟೇಬಲ್ ಕಳಿಸಿದಳು. ಹಳೆಯ ರೆಕಾರ್ಡು ತಿರುಗಿಸುವ ಪೆಟ್ಟಿಗೆ. ಕುಷ್ಟಗಿಯ ನಮ್ಮ ಮನೆಯಲ್ಲಿ ಇರುವುದು ಒಂದೇ ರೆಕಾರ್ಡು. ಅದರಲ್ಲಿ ನನ್ನ ಮಾವನವರ ದನಿ ಇದೆ. ಅವರು ನಾಟಕದಲ್ಲಿ ರಾಜನ ಪಾತ್ರ ಮಾಡುತ್ತಿದ್ದರು. ತೀರಿಕೊಂಡು ಬಹಳ ವರ್ಷವಾಯಿತು. ಅವರ ದನಿ ಉಳಿದಿರುವುದು ಅದೊಂದರಲ್ಲೇ. ಹಳೆಯ ಪ್ಲೇಯರ್ ಕೆಟ್ಟ ಮೇಲೆ ಹೆಂಡತಿ ಅದನ್ನು ಕೇಳಿರಲಿಲ್ಲ. ತಾಯಿಯ ಸೀರೆಯಲ್ಲಿ ಸುತ್ತಿ ಇಟ್ಟಿದ್ದಳು.

“ಗೀರು ಬಿತ್ತಂದ್ರ ಮತ್ತ ನಮ್ಮಪ್ಪ ಸಿಗಂಗಿಲ್ಲ,” ಎಂದಳು.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

ಕನ್ಯೆ ನೋಡಿದ್ದು

ಮಾವನವರ ವಿಷಯ ಹೇಳಬೇಕು. ಅವರು ತಳಕಲ್‌ನ ಮನೆಯಲ್ಲೂ ರಾಜರೇ. ಕುಡಿಯಲು ನೀರು ಬೇಕಾದರೂ “ಯಾರಲ್ಲಿ?” ಎನ್ನುತ್ತಿದ್ದರು. ಇದ್ದವರೆಲ್ಲ ಎದ್ದು ನಿಲ್ಲಬೇಕು.

ನಾನು ಕನ್ಯೆ ನೋಡಲು ಹೋದಾಗ ಒಳಗಿನಿಂದ ಆ ದನಿ ಬಂತು, ಹಿಂದೆಯೇ ಅವರೂ ಬಂದರು. ಎಲ್ಲರೂ ಎದ್ದರು. ನಾನೂ ಎದ್ದೆ. ತೊಡೆಯ ಮೇಲಿದ್ದ ಅವಲಕ್ಕಿ ತಾಟು ಹೋಗಿ ಅವರ ಕಾಲ ಮುಂದೆ ಬಿತ್ತು.

“ಬಸ್ ಡ್ರೈವರ್ ಏನು?”

“ಹೌದ್ರಿ.”

“ಬ್ರೇಕ್ ಹಾಕೂದು ಬರತೈತಿಲ್ಲೊ?”

ಹೆಣ್ಣು ಕೊಟ್ಟರು. ಕುಂದ್ರು ಅಂತ ಮಾತ್ರ ಸಾಯುವತನಕ ಹೇಳಲಿಲ್ಲ.

ಮೊದಲ ತೂತು

ಪೆಟ್ಟಿಗೆಗೆ ಯುಎಸ್‌ಬಿ ವಾಯರ್ ಇತ್ತು. ನಮ್ಮ ಸ್ಟೀರಿಯೊದಲ್ಲಿ ಯುಎಸ್‌ಬಿ ತೂತು ಇತ್ತು. ರಬ್ಬರ್ ಚಪ್ಪಲಿ ಮೆಟ್ಟಿ, ಮಣೆಯ ಮೇಲೆ ನಿಂತು, ಮುಖ ಆ ಕಡೆ ತಿರುಗಿಸಿ ಚುಚ್ಚಿದೆ. ಸ್ಟೀರಿಯೊ ‘ನೋ’ ಎಂದು ಇಂಗ್ಲಿಷಿನಲ್ಲಿ ತೋರಿಸಿತು. ತೆಗೆದು ಮತ್ತೆ ಚುಚ್ಚಿದೆ. ಮತ್ತೆ ‘ನೋ’.

ಮಗಳಿಗೆ ಫೋನ್ ಮಾಡಿದೆ. “ಅಪ್ಪಾ, ಆ ವಾಯರ್ ಕಂಪ್ಯೂಟರಿಗೆ. ದನಿ ಕಾಪಿ ಮಾಡ್ಕೊಳ್ಳಾಕ. ಸ್ಟೀರಿಯೊಕ್ಕ ಕೆಂಪು-ಬಿಳಿ ವಾಯರ್ ಹಾಕು,” ಎಂದಳು.

ಹೆಂಡತಿ ಸ್ಟೀರಿಯೊ ಕಡೆ ನೋಡಿದಳು. “ಏನಂತೈತಿ ಅದು?”

“ಆಗೂದಿಲ್ಲ ಅಂತೈತಿ.”

“ನಿಮ್ಮಂಗ ಒಂದ ಮಾತಿನ್ಯಾಗ ಮುಗಿಸ್ತೈತಿ ಬಿಡ್ರಿ.”

ಶಹನಾಯಿ

ಮಾವನವರ ರೆಕಾರ್ಡು ಮುಟ್ಟುವ ಧೈರ್ಯ ಇನ್ನೂ ಬಂದಿರಲಿಲ್ಲ. ಪರೀಕ್ಷೆಗೆಂದು ಕಿರಾಣಿ ಅಂಗಡಿಯವರ ಮನೆಯಿಂದ ಹಳೆಯ ಶಹನಾಯಿ ರೆಕಾರ್ಡು ತಂದೆ. ಕೆಂಪು-ಬಿಳಿ ವಾಯರ್ ಜೋಡಿಸಿ ಸೂಜಿ ಇಟ್ಟೆ. ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸಪ್ಪಳ. ವಾಲ್ಯೂಮ್ ಪೂರಾ ತಿರುಗಿಸಿದೆ. ಸೊಳ್ಳೆ ಹತ್ತಿರ ಬಂದಂತಾಯಿತು, ಅಷ್ಟೇ.

ಮತ್ತೆ ಮಗಳು. “ಪೆಟ್ಟಿಗಿ ಹಿಂದ ಸಣ್ಣ ಸ್ವಿಚ್ ಐತಿ ನೋಡಪ್ಪಾ. ಫೋನೋ ಅಂತಿದ್ರ ಲೈನ್ ಕಡೆ ಸರಸು.”

ಸರಿಸಿದೆ. ವಾಲ್ಯೂಮ್ ಇಳಿಸಬೇಕು ಅಂತ ಅವಳು ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಕಿಟಕಿಯ ಗಾಜು ನಡುಗಿದವು. ಗೋಡೆಯ ಮಾಡದಲ್ಲಿನ ಲೋಟ ಕೆಳಗೆ ಬಿದ್ದವು. ಎಲ್ಲವೂ ಸುಟ್ಟುಹೋಯಿತು ಅಂದುಕೊಂಡು ಬಾಗಿಲ ಹಿಂದೆ ಹೋಗಿ ನಿಂತೆ. ಹೆಂಡತಿಯೇ ಹೋಗಿ ಬಂದ್ ಮಾಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಸೆರಗು ಸರಿಮಾಡಿಕೊಂಡು ಬಂದಳು.

“ಯಾರ ಮದವಿ ಐತಿ ತಂಗಿ? ನಮಗ ಹೇಳಲೇ ಇಲ್ಲಲ್ಲ. ವರ ಎಲ್ಲಿ ಅದಾನ?”

“ಬಾಗಲ ಹಿಂದ ನಿಂತಾರ ನೋಡಬೇ,” ಎಂದಳು ನನ್ನ ಹೆಂಡತಿ. “ಆಗೂ ಹಿಂಗ ಅಂಜಿದ್ರು.”

ಯಾರಲ್ಲಿ?

ಮರುದಿನ ಯಲಬುರ್ಗಾದಿಂದ ಹೆಂಡತಿಯ ಅಣ್ಣ ಬಂದರು, ಅಪ್ಪನ ದನಿ ಕೇಳಲು. ನಿವೃತ್ತ ಪೊಲೀಸ್ ಹವಾಲ್ದಾರರು. ಕಳ್ಳರು ಅವರ ಹೆಸರು ಕೇಳಿ ನಡುಗುತ್ತಿದ್ದರಂತೆ. ಅವರೇ ಹೇಳಿದ್ದು.

ಸ್ಟೀರಿಯೊ ಹಚ್ಚಿದೆ. ಕರೆಂಟಿನ ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತಂತೆ ‘ಗುಂಯ್’ ಎಂದಿತು. ಒಳಗೆ ಕರೆಂಟು ಕೂಡಿಕೊಳ್ಳುತ್ತಿದೆ, ಇನ್ನೇನು ಸಿಡಿಯುತ್ತದೆ ಎನಿಸಿತು. ಪ್ಲಗ್ ಕೀಳಲು ಹೋದಾಗ ಕೈ ಸ್ಟೀರಿಯೊ ಹಿಂದಿನ ಸ್ಕ್ರೂಗೆ ತಾಗಿತು. ಗುಂಯ್ ನಿಂತಿತು. ಕೈ ತೆಗೆದೆ. ಮತ್ತೆ ಗುಂಯ್.

“ಮತ್ತೊಮ್ಮೆ ಮುಟ್ಟರಿ,” ಎಂದಳು ಹೆಂಡತಿ. ಮುಟ್ಟಿದೆ. ನಿಂತಿತು. “ಹಂಗ ಹಿಡಕೊಂಡ ಕುಂದರ್ರಿ.”

“ಕರೆಂಟ್ ಹೊಡದ್ರ?”

“ಅಣ್ಣ ಅದಾನಲ್ಲ.”

“ಅಂಜಬ್ಯಾಡ್ರಿ ಡ್ರೈವರ್ ಸಾಹೇಬ್ರ,” ಎಂದರು ಹವಾಲ್ದಾರರು, ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಳ್ಳುತ್ತ. ಪೆಟ್ಟಿಗೆಗೂ ಆ ಸ್ಕ್ರೂಗೂ ಸೇರಿಸಿ ಒಂದು ತುಂಡು ವಾಯರ್ ಕಟ್ಟಿದ್ದರೆ ಸಾಕಿತ್ತು. ಅದು ಆಮೇಲೆ ಮಗಳು ಹೇಳಿದ್ದು.

ಹೆಂಡತಿ ತಾಯಿಯ ಸೀರೆಯ ಗಂಟು ಬಿಚ್ಚಿ ರೆಕಾರ್ಡು ತೆಗೆದಳು. ಸೆರಗಿನಿಂದ ಒರೆಸಿದಳು. ಸೂಜಿ ಇಡಲು ನನ್ನನ್ನು ಬಿಡಲಿಲ್ಲ. ತಾನೇ ಇಟ್ಟಳು. ಮೂವರೂ ಉಸಿರು ಹಿಡಿದೆವು. ಕರಕರ ಎಂದಿತು. ಗೀರು ಬಿತ್ತು ಅಂದುಕೊಂಡೆ. ಕರಕರ ನಿಂತಿತು. ಆಮೇಲೆ ಏನೂ ಇಲ್ಲ. ಅವಳ ಮುಖ ಸಣ್ಣದಾಯಿತು.

“ಯಾರಲ್ಲಿ?”

ಇಡೀ ಮನೆಗೆ ಕೇಳಿಸಿತು. ನಾನು ಎದ್ದು ನಿಂತಿದ್ದೆ. ಪಕ್ಕಕ್ಕೆ ನೋಡಿದರೆ ಹವಾಲ್ದಾರರೂ ಅಟೆನ್ಷನ್‌ನಲ್ಲಿ ನಿಂತಿದ್ದರು. ನನ್ನ ಕೈ ಸ್ಕ್ರೂ ಬಿಟ್ಟಿತ್ತು. ಗುಂಯ್ ಸದ್ದಿನಲ್ಲಿ ಮಾವನವರ ಮುಂದಿನ ಮಾತು ಮುಳುಗಿಹೋಯಿತು.

ಹೆಂಡತಿ ಸೂಜಿ ಎತ್ತಿದಳು. ಕಣ್ಣು ತುಂಬಿದ್ದವು. ಬಾಯಿ ಮಾತ್ರ ಎಂದಿನಷ್ಟೇ ಜೋರಿತ್ತು.

“ಸತ್ತ ಮ್ಯಾಲೂ ನಿಮ್ಮನ್ನ ಕುಂದ್ರಗೊಡವಲ್ಲ ನಮ್ಮಪ್ಪ. ಹಿಡಕೋರಿ ಅದನ್ನ. ಅಣ್ಣಾ, ನೀನೂ ಕುಂದ್ರು.”

ಕುಳಿತೆವು. ಸ್ಕ್ರೂ ಗಟ್ಟಿಯಾಗಿ ಹಿಡಿದೆ. ಅವಳು ಮತ್ತೆ ಮೊದಲಿನಿಂದ ಹಚ್ಚಿದಳು.

“ಯಾರಲ್ಲಿ?”

ಈ ಸಲ ನಾನು ಏಳಲಿಲ್ಲ. ಹವಾಲ್ದಾರರು ಎದ್ದರು.