ನಮ್ಮ ಮನೆಯ ಡೈರೆಕ್ಟರು

ಗಂಡಸಿಗೆ ತಾನು ಹೆಂಡತಿಗಿಂತ ಜಾಣ ಎಂಬ ನಂಬಿಕೆ ಇರುವುದು ಆರೋಗ್ಯಕ್ಕೆ ಒಳ್ಳೆಯದೇ. ಊಟ ರುಚಿಸುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ನನಗೂ ಆ ನಂಬಿಕೆ ಬಹಳ ದಿನ ಇತ್ತು. ಅದನ್ನು ಕಳೆದುಕೊಂಡದ್ದು ಕೋಲಾರದ ಕೋರ್ಟಿನಲ್ಲಿ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಮುಳಬಾಗಿಲಿನಲ್ಲಿ ಕೆಲವರು ಸೇರಿ ಒಂದು ಬಸ್ ಕಂಪನಿ ಮಾಡಿದರು. ಬಸ್ಸು ಒಂದೇ, ಕಂಪನಿಯ ಹೆಸರು ಮಾತ್ರ ಬೋರ್ಡಿನಲ್ಲಿ ಹಿಡಿಸುತ್ತಿರಲಿಲ್ಲ. ನನಗೂ ಡೈರೆಕ್ಟರ್ ಆಗುವ ಚಪಲ. ಆದರೆ ನಾನು ತಾಲ್ಲೂಕು ಕಚೇರಿಯ ಗುಮಾಸ್ತ, ವ್ಯಾಪಾರಕ್ಕೆ ಇಳಿಯುವ ಹಾಗಿಲ್ಲ. ಅದಕ್ಕೆ ನನ್ನ ಹೆಂಡತಿ ಕಾಮಾಕ್ಷಿಯ ಹೆಸರು ಕೊಟ್ಟೆ. ಜವಳಿ ಅಂಗಡಿಯ ಖಾದರ್ ಸಾಹೇಬರು, ಎಣ್ಣೆ ವ್ಯಾಪಾರದ ಚಿನ್ನಪ್ಪ ಶೆಟ್ಟರು, ಇವಳು, ಹೀಗೆ ಮೂವರು ಡೈರೆಕ್ಟರು. ಸಭೆ ನಮ್ಮ ಪಡಸಾಲೆಯಲ್ಲಿ. ಮಾತೆಲ್ಲ ನನ್ನದು, ಸಹಿ ಅವಳದು, ಕಾಫಿಯೂ ಅವಳದೇ. ಡೈರೆಕ್ಟರೇ ಕಾಫಿ ಕಾಯಿಸುವ ಕಂಪನಿ ಲೋಕದಲ್ಲಿ ಇನ್ನೊಂದಿಲ್ಲ ಎಂದು ಸ್ನೇಹಿತರ ಮುಂದೆ ನಗೆಯಾಡುತ್ತಿದ್ದೆ.

ಒಂದು ದಿನ ಡ್ರೈವರ್ ಮುನಿವೆಂಕಟಪ್ಪ ಮನೆಗೆ ಬಂದು, ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲ, ಬಸ್ಸು ನಿಲ್ಲಿಸಿ ರಿಪೇರಿ ಮಾಡಿಸಬೇಕು ಎಂದ. ಸಭೆ ಸೇರಿತು. ಮದುವೆಯ ಕಾಲ, ಜನ ಮುಗಿಬೀಳುತ್ತಿದ್ದಾರೆ, ಮದುವೆಗಳು ಕಳೆಯಲಿ ಎಂದು ತೀರ್ಮಾನವಾಯಿತು. ಕಾಮಾಕ್ಷಿ ಸಹಿ ಹಾಕಿದಳು. ಆಮೇಲೆ ಶ್ರೀನಿವಾಸಪುರದ ತವರಿಗೆ ಹೊರಟಾಗ ಎತ್ತಿನ ಗಾಡಿಗೆ ಹೇಳಿ ಕಳಿಸಿದಳು. ಸ್ವಂತ ಬಸ್ಸಿರುವಾಗ ಗಾಡಿ ಯಾಕೆ ಎಂದು ನಾನು ಗೊಣಗಿದೆ. ಅವಳು ಗಾಡಿ ಹತ್ತಿ ಕೂತಳು.

ಸ್ವಲ್ಪ ದಿನಕ್ಕೆ ಕುರುಡುಮಲೆ ಕಡೆಯ ಇಳಿಜಾರಿನಲ್ಲಿ ಬಸ್ಸು ನಿಲ್ಲದೆ ಹೊಲಕ್ಕೆ ನುಗ್ಗಿತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಒಬ್ಬ ಬಳೆಗಾರನ ಕೈ ಮುರಿಯಿತು. ಡ್ರೈವರಿಗೂ ಡೈರೆಕ್ಟರುಗಳಿಗೂ ಸಮನ್ಸು ಬಂತು. ಕಂಪನಿಯನ್ನು ಜೈಲಿಗೆ ಹಾಕೋಣವೆಂದರೆ ಅದಕ್ಕೆ ಮೈಯಿಲ್ಲ, ಆದ್ದರಿಂದ ನಡೆಸುವವರನ್ನೇ ಹಿಡಿಯುತ್ತಾರೆ ಎಂದು ವಕೀಲರು ವಿವರಿಸಿದರು. ಜೈಲಿಗೆ ಹೋಗಬೇಕಾದವಳು ಸುಮ್ಮನೆ ಕೂತಿದ್ದಳು, ಬೆವರಿದವನು ನಾನು. ಉಪಾಯವನ್ನೂ ವಕೀಲರೇ ಕೊಟ್ಟರು. ಬ್ರೇಕಿನ ವಿಷಯ ಡ್ರೈವರ್ ಹೇಳಲೇ ಇಲ್ಲ ಅಂದುಬಿಡಬೇಕು; ಹೆಂಗಸಾದ್ದರಿಂದ ಇವಳು ಏನೂ ತಿಳಿಯದು ಎಂದರೆ ಸಾಕು. ಹಾಗಾದರೆ ಮುನಿವೆಂಕಟಪ್ಪನ ಗತಿ ಏನು ಎಂದು ಕಾಮಾಕ್ಷಿ ಕೇಳಿದಳು. ವಕೀಲರು ಕನ್ನಡಕ ಒರೆಸಿಕೊಂಡರು.

ಕೋರ್ಟಿನಲ್ಲಿ ಶೆಟ್ಟರು ಹೇಳಿಕೊಟ್ಟದ್ದನ್ನು ಒಪ್ಪಿಸಿದರು. ಕಾಮಾಕ್ಷಿಯ ಸರದಿ ಬಂದಾಗ ಮ್ಯಾಜಿಸ್ಟ್ರೇಟರು, ನಿಮಗೆ ಈ ವ್ಯವಹಾರ ತಿಳಿಯದು ಅಲ್ಲವೇನಮ್ಮ ಎಂದು ಮೃದುವಾಗಿಯೇ ಕೇಳಿದರು.

“ತಿಳಿದಿತ್ತು ಸ್ವಾಮಿ. ಡ್ರೈವರ್ ನಮ್ಮ ಮನೆಗೇ ಬಂದು ಹೇಳಿದ. ಬಸ್ಸು ಓಡಲಿ ಅಂತ ಸಹಿ ಹಾಕಿದವಳು ನಾನು. ತವರಿಗೆ ಹೋಗೋವಾಗ ಭಯ ಆಗಿ ನಾನು ಅದನ್ನ ಹತ್ತಲಿಲ್ಲ. ಬೇರೆಯವರು ಹತ್ತೋದನ್ನ ತಡೀಲಿಲ್ಲ. ತಪ್ಪು ಅವನದಲ್ಲ.”

ಖಾದರ್ ಸಾಹೇಬರು ಎದ್ದು ನಿಂತು, ಅಮ್ಮ ಹೇಳಿದ್ದೇ ತಮ್ಮ ಮಾತೂ ಎಂದರು. ಶೆಟ್ಟರು ತಾವೂ ತಮ್ಮ ಮಾತು ತಿದ್ದಿಕೊಳ್ಳಬಹುದೇ ಎಂದು ಕೈಮುಗಿದರು. ಡ್ರೈವರ್ ಬಿಡುಗಡೆಯಾದ. ಸೆರೆಮನೆಗೇ ಕಳಿಸಬಹುದಾಗಿತ್ತು, ನಿಜ ಹೇಳಿದ್ದರಿಂದ ದಂಡಕ್ಕೆ ನಿಲ್ಲಿಸಿದ್ದೇನೆ ಎಂದು ಮ್ಯಾಜಿಸ್ಟ್ರೇಟರು ಡೈರೆಕ್ಟರುಗಳಿಗೆ ಎಚ್ಚರಿಕೆ ಕೊಟ್ಟರು. ಹೊರಗೆ ಮುನಿವೆಂಕಟಪ್ಪ ಕಾಲಿಗೆ ಬೀಳಲು ಬಂದರೆ ಅವಳು ಹಿಂದೆ ಸರಿದು, ಬಳೆಗಾರನ ಕೈ ಹೇಗಿದೆ ಎಂದು ವಿಚಾರಿಸಿದಳು.

ಇಷ್ಟರಲ್ಲಿ ಎಲ್ಲಿಯೂ ನನ್ನ ಹೆಸರು ಬರಲಿಲ್ಲ, ನೌಕರಿ ಉಳಿಯಿತು. ಮನೆಗೆ ಬಂದ ಮೇಲೆ, ನಾನೇ ಹಾಕಿಸಿದ ಸಹಿ ಅಂತ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಕೈ ನನ್ನದು ತಾನೆ?” ಎಂದಳು.

ಬಸ್ಸು ಪೂರ್ತಿ ರಿಪೇರಿಯಾಗಿ ಮತ್ತೆ ಹೊರಟ ದಿನ ಡೈರೆಕ್ಟರಮ್ಮನೇ ಮುಂದಿನ ಸೀಟಿನಲ್ಲಿ ಕೂತಳು. ನಾನು ಹೆಮ್ಮೆಯಿಂದ ಕೊನೆಗೆ ಹತ್ತಿದೆ. ಅವಳು ಒಮ್ಮೆ ತಿರುಗಿ ಜನರನ್ನೆಲ್ಲ ಎಣಿಸಿ, ಒಬ್ಬರು ಜಾಸ್ತಿ ಆದರು, ನೀವು ಇಳೀರಿ ಎಂದಳು. ಇಳಿದೆ. ಬಸ್ಸು ಹೋಯಿತು. ಧೂಳಿನಲ್ಲಿ ನಿಂತಿದ್ದ ನನ್ನನ್ನು ಕಾಫಿ ಹೋಟೆಲಿನವನು, ಯಾಕೆ ಸ್ವಾಮಿ, ಹತ್ತಿಸಿಕೊಳ್ಳಲಿಲ್ವಾ ಎಂದು ಕೇಳಿದ. ಈ ಕಂಪನಿಯವರು ಬಹಳ ಕಟ್ಟುನಿಟ್ಟು ಎಂದೆ, ಸ್ವಲ್ಪ ಜಂಬದಿಂದಲೇ.